ಮದುವೆ ಕೇಕಿನ ಮೇಲೆ ತೊಗರಿ ಹೂ

ನವೆಂಬರಿನಲ್ಲಿ ಒಂದು ಮಧ್ಯಾಹ್ನ ತಾಯಿ ಮಗಳು ನಮ್ಮ ಮನೆಗೆ ಬಂದರು. ಮೇ ತಿಂಗಳಲ್ಲಿ ಮದುವೆ, ಕಲಬುರಗಿಯಲ್ಲೇ, ಚರ್ಚಿನಲ್ಲಿ. ಹುಡುಗಿ ಫೋನಿನಲ್ಲಿ ತೋರಿಸಿದ್ದು ಮೂರಂತಸ್ತಿನ ಬಿಳಿ ಕೇಕು, ಮೇಲಿಂದ ಕೆಳಗಿನವರೆಗೆ ಸಕ್ಕರೆಯ ಗುಲಾಬಿ. ತಾಯಿ ಅದನ್ನು ನೋಡಿ, "ಗುಲಾಬಿ ಎಲ್ಲಾರೂ ಮಾಡಸ್ತಾರ. ನಮ್ಮ ತೊಗರಿ ಹೂ ಮಾಡ್ಲಿಕ್ಕ ಬರ್ತದೇನು ತಂಗಿ?" ಎಂದರು. ಆಳಂದ ಕಡೆ ಅವರ ಹೊಲ. ಆ ವರ್ಷ ಅರ್ಧ ಬೆಳೆ ನೆಟೆ ರೋಗಕ್ಕೆ ಒಣಗಿತ್ತು, ಉಳಿದದ್ದು ಹೂವಿಗೆ ಬಂದಿತ್ತು.

ಬರ್ತದೆ ಎಂದುಬಿಟ್ಟೆ. ಆದರೆ ತೊಗರಿ ಹೂವನ್ನು ನಾನು ಎಂದೂ ಹತ್ತಿರದಿಂದ ನೋಡಿರಲಿಲ್ಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗ ಹೆಮ್ಮೆಪಟ್ಟವಳು ನಾನು. ಹಾದಿಯುದ್ದಕ್ಕೂ ಅದೇ ಹಳದಿ ಹೊಲ ನೋಡುತ್ತ ಬೆಳೆದವಳು. ಆದರೂ ಆ ಹೂವಿಗೆ ಎಷ್ಟು ಎಸಳು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮುಂದಿನ ವಾರ ಹುಡುಗಿಯ ತಂದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ಟೊಂಗೆ ತಂದುಕೊಟ್ಟರು. ಬ್ಲೇಡಿನಿಂದ ಒಂದೊಂದೇ ಹೂ ಬಿಚ್ಚಿದೆ. ಹಿಂದೆ ಹೆಡೆ ಎತ್ತಿದಂತೆ ನಿಂತ ಒಂದು ದೊಡ್ಡ ಎಸಳು, ಎರಡು ಬದಿಗೆ ಎರಡು ರೆಕ್ಕೆ, ಅವುಗಳ ನಡುವೆ ದೋಣಿಯಂತೆ ಕೂಡಿಕೊಂಡ ಇನ್ನೆರಡು. ಹೀಗೆ ಒಟ್ಟು ಐದು. ದೊಡ್ಡ ಎಸಳಿನ ಬೆನ್ನಿಗೆ ಕೆಂಪು ಗೀಟುಗಳು. ಮುಂದಿನಿಂದ ನೋಡಿದರೆ ಬರೀ ಹಳದಿ, ತಿರುಗಿಸಿದರೆ ಕೆಂಪು. ಈ ಕೆಂಪು ತಪ್ಪಿದರೆ ಅದು ಯಾವುದೋ ಹಳದಿ ಹೂ ಆಗುತ್ತದೆಯೇ ಹೊರತು ತೊಗರಿ ಆಗುವುದಿಲ್ಲ. ಎಸಳುಗಳ ಆಕಾರವನ್ನು ಪೆನ್ಸಿಲಿನಿಂದ ಕಾಗದದ ಮೇಲೆ ತೆಗೆದಿಟ್ಟುಕೊಂಡೆ. ಎಲೆಯನ್ನು ತೊಳೆದು, ಒರೆಸಿ, ತಿನಿಸಿಗೆ ಬಳಸುವ ಸಿಲಿಕಾನ್ ಕಣಕದ ಮೇಲೆ ಒತ್ತಿ ಅಚ್ಚು ಮಾಡಿಕೊಂಡೆ. ಮೇ ತಿಂಗಳಲ್ಲಿ ಹೊಲದಲ್ಲಿ ಎಲೆ ಎಲ್ಲಿಂದ ಬರಬೇಕು?

ಹೂವಿನ ಕಣಕ ನನ್ನದು ಸರಳ. ಕಾಲು ಕಿಲೋ ಫಾಂಡಂಟಿಗೆ, ಅಂದರೆ ಕೇಕಿಗೆ ಬಳಸುವ ಸಕ್ಕರೆ ಕಣಕಕ್ಕೆ, ಅದನ್ನು ಗಟ್ಟಿ ಮಾಡುವ ಸಿಎಂಸಿ ಪುಡಿ ಒಂದು ಸಣ್ಣ ಚಮಚ ಹಾಕಿ, ಕೈಗೆ ಡಾಲ್ಡಾ ಸವರಿಕೊಂಡು ಚೆನ್ನಾಗಿ ನಾದಿ, ಗಾಳಿಯಾಡದಂತೆ ಸುತ್ತಿ ಒಂದು ರಾತ್ರಿ ಬಿಡುವುದು. ಇದರಲ್ಲಿ ಮೊಟ್ಟೆಯಿಲ್ಲ. ಅದೇ ಸಿಎಂಸಿ ಒಂದು ಚಿಟಿಕೆ ತೆಗೆದು ನೀರಿನಲ್ಲಿ ನೆನೆಸಿದರೆ ಅಂಟೂ ಆಗುತ್ತದೆ.

ಮಾರ್ಚ್ ಕೊನೆಗೆ ಕೂತೆ. 30 ಗೇಜಿನ ತೆಳು ತಂತಿಯ ತುದಿ ಬಾಗಿಸಿ, ಕಡಲೆಕಾಳಿಗಿಂತ ಸಣ್ಣ ಉಂಡೆ ಸಿಕ್ಕಿಸಿ, ಚಿವುಟಿ ದೋಣಿ ಮಾಡಿ ಒಂದು ದಿನ ಒಣಗಿಸಬೇಕು. ಆಮೇಲೆ ರೆಕ್ಕೆ ಅಂಟಿಸುವುದು, ಕೊನೆಗೆ ಹೆಡೆ. ಹೆಡೆಯ ಅಂಚನ್ನು ಸ್ಪಂಜಿನ ಮೇಲಿಟ್ಟು ಗುಂಡು ತುದಿಯ ಕಡ್ಡಿಯಿಂದ ತೀಡಿ ತೆಳುಮಾಡಬೇಕು. ಕಲಬುರಗಿಯ ಬಿಸಿಲು ಇಲ್ಲೇ ಕೈಕೊಡುತ್ತದೆ. ಎಸಳು ಕತ್ತರಿಸಿ ತೀಡುವಷ್ಟರಲ್ಲಿ ಅಂಚು ಒಣಗಿ ಬಿರುಕು ಬಿಡುತ್ತಿತ್ತು. ಫ್ಯಾನ್ ಆರಿಸಿದೆ, ಮೂರು ಮೂರೇ ಎಸಳು ಕತ್ತರಿಸಿದೆ. ಆದರೂ ಅರ್ಧ ಹಾಳು. ಬೇಸತ್ತು ಏರ್ ಕೂಲರ್ ಹಚ್ಚಿದೆ. ಗಾಳಿ ನೇರ ಮೇಜಿನ ಮೇಲೆ ಬೀಳದಂತೆ ಗೋಡೆಗೆ ತಿರುಗಿಸಿದ್ದೆ. ಕಣಕ ಮೆತ್ತಗೆ ಉಳಿಯಿತು, ಬಿರುಕು ನಿಂತಿತು. ಆ ದಿನ 22 ಹೂ ಆದವು.

ಬೆಳಿಗ್ಗೆ ಎದ್ದು ನೋಡಿದರೆ 22ಕ್ಕೆ 22 ತಲೆಬಾಗಿಸಿದ್ದವು. ರಾತ್ರಿ ಸೆಕೆಗೆ ಯಾರೋ ಮತ್ತೆ ಕೂಲರ್ ಹಚ್ಚಿ ಮಲಗಿದ್ದರು. ಕೂಲರ್ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಕೋಣೆಗೆ ತೇವ ತುಂಬುತ್ತದೆ, ಸಕ್ಕರೆ ಆ ತೇವವನ್ನೆಲ್ಲ ಹೀರುತ್ತದೆ. ಅಳು ಬಂತು. ಆದರೆ ಅವತ್ತೇ ದಾರಿ ಗೊತ್ತಾಯಿತು: ಮಾಡುವಾಗ ಕೂಲರ್ ಇರುವ ಕೋಣೆ, ಒಣಗಲು ಮಾಳಿಗೆ ಮೇಲಿನ ಕೋಣೆ. ಬಿಸಿಲು ಬೀಳದ, ಆದರೆ ಬೆಂಕಿಯಂತೆ ಒಣಗಿದ ಆ ಕೋಣೆಯಲ್ಲಿ ಥರ್ಮಾಕೋಲಿಗೆ ಚುಚ್ಚಿಟ್ಟ ಹೂ ಸಂಜೆಯೊಳಗೆ ಗಟ್ಟಿ. ಮಳೆಗಾಲದಲ್ಲಿ ಮೂರು ದಿನವಾದರೂ ಇಷ್ಟು ಒಣಗುವುದಿಲ್ಲ. ನಮ್ಮ ಬೇಸಿಗೆಯನ್ನು ಬೈಯುವವರು ಇದನ್ನು ಒಮ್ಮೆ ನೋಡಬೇಕು.

ಕೆಂಪು ಗೀಟಿಗೆ ಅತಿ ಸಣ್ಣ ಕುಂಚ, ಗಟ್ಟಿ ಜೆಲ್ ಬಣ್ಣ. ನೀರು ಹೆಚ್ಚಾದರೆ ಎಸಳೇ ಕರಗಿ ಕುಳಿ ಬೀಳುತ್ತದೆ. ಒಟ್ಟು 160 ಹೂ, ಸುಮಾರು 60 ಮೊಗ್ಗು. ಎಲೆ ಮೂರು ಮೂರು ಸೇರಿಸಿ ಕಟ್ಟಿದೆ, ಗಿಡದಲ್ಲಿ ಇರುವಂತೆಯೇ. ಹುಡುಗಿಯ ಆಸೆಗೆ ಏಳು ಬಿಳಿ ಗುಲಾಬಿಯನ್ನೂ ಮಾಡಿದೆ. ಎಲ್ಲವೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಗೆ ಹೋದವು. ಫ್ರಿಜ್ಜಿಗೆ ಮಾತ್ರ ಇಡಬಾರದು. ಹೊರಗೆ ತೆಗೆದ ಕ್ಷಣವೇ ಬೆವರುತ್ತವೆ.

ಕೇಕಿನದು ಹೆಚ್ಚು ಹೇಳುವಂಥದ್ದಿಲ್ಲ. 10 ಮತ್ತು 8 ಇಂಚಿನವು ಮೊಟ್ಟೆಯಿಲ್ಲದ ವೆನಿಲಾ, ಮೇಲಿನ 6 ಇಂಚಿನದು ಥರ್ಮಾಕೋಲ್. ಕೇಕಿಗೆ ಸವರುವ ಬಿಳಿ ಚಾಕೊಲೇಟ್ ಗನಾಶ್ ಬೇಸಿಗೆಯಲ್ಲಿ ನಿಲ್ಲಬೇಕೆಂದು ನಾಲ್ಕು ಪಾಲು ಚಾಕೊಲೇಟಿಗೆ ಒಂದೇ ಪಾಲು ಕ್ರೀಮ್.

ಮದುವೆ ಸಂಜೆ ಹಾಲಿಗೆ ಹೋದರೆ ಕೇಕಿನ ಮೇಜಿನ ಎದುರಿಗೇ ಆಳೆತ್ತರದ ಎರಡು ಕೂಲರ್. ಕೇಕಿಗೆ ತಂಪಾಗಲಿ ಎಂದು ಅಲ್ಲಿನ ಹುಡುಗರೇ ಪ್ರೀತಿಯಿಂದ ತಂದಿಟ್ಟಿದ್ದರು. ಕಾರಣ ಹೇಳಿ ಮೇಜನ್ನು ಇನ್ನೊಂದು ಮೂಲೆಗೆ ಸರಿಸಿದೆ. ತಂತಿಯನ್ನು ನಾನು ನೇರ ಕೇಕಿಗೆ ಚುಚ್ಚುವುದಿಲ್ಲ. ಸ್ಟ್ರಾ ತುಂಡಿನ ಕೆಳತುದಿಯನ್ನು ಚಾಕೊಲೇಟಿನಿಂದ ಮುಚ್ಚಿ, ಅದನ್ನು ಕೇಕಿನೊಳಗೆ ಇಳಿಸಿ, ಅದರಲ್ಲಿ ಗೊಂಚಲು ನಿಲ್ಲಿಸುತ್ತೇನೆ. ಕತ್ತರಿಸುವ ಮೊದಲು ಹೂವನ್ನೆಲ್ಲ ತೆಗೆಯಬೇಕು, ಒಳಗೆ ತಂತಿ ಇದೆ, ಮಕ್ಕಳ ಕೈಗೆ ಕೊಡಬೇಡಿ ಎಂದು ಬಡಿಸುವವರಿಗೆ ಎರಡು ಸಲ ಹೇಳಿದೆ.

ಹುಡುಗಿಯ ತಂದೆ ಬಂದು ಕೇಕನ್ನು ಒಂದು ಸುತ್ತು ಹಾಕಿದರು. ಆಮೇಲೆ ಹಿಂದಿನ ಬದಿಗೆ ಹೋಗಿ, ಕೈ ಹಚ್ಚದೆ, ಬಗ್ಗಿ ಒಂದು ಹೂವಿನ ಬೆನ್ನು ನೋಡಿದರು. "ಗೀಟು ಹಾಕೀಯಲ್ಲ ಯವ್ವಾ" ಎಂದರು.

ಒಂದು ಗೊಂಚಲನ್ನು ಅವರು ಮನೆಗೆ ಒಯ್ದರು. ಜೂನಿನಲ್ಲಿ ಬಿತ್ತನೆ ಹೊತ್ತಿಗೆ ತಾಯಿ ಫೋನ್ ಮಾಡಿದ್ದರು: "ಗಾಜಿನ ಡಬ್ಯಾಗ ಇಟ್ಟೀನಿ ತಂಗಿ. ಕೂಲರ್ ಆ ಕಡಿ ತಿರುಗಿಸ್ಲಿಕ್ಕ ಯಾರಿಗೂ ಬಿಡಂಗಿಲ್ಲ."