ಚಟ್ಟೆ ಚೀನಿಕಾಯಿಯ ಬೀಜ ಕಳೆದುಹೋಗಿ ಮರಳಿ ಬಂದದ್ದು

ಆ ವರ್ಷ ದೀಪಾವಳಿಯ ಕಡುಬು ಗಟ್ಟಿಯಾಗಲೇ ಇಲ್ಲ. ಬಾಳೆಎಲೆ ಬಿಚ್ಚಿದರೆ ಹಿಟ್ಟು ತಟ್ಟೆಯ ತುಂಬ ಹರಡಿತು. ಅಕ್ಕಿತರಿ ಅದೇ, ಬೆಲ್ಲ ಅದೇ, ಅಳತೆಯೂ ಅಮ್ಮ ಹೇಳಿಕೊಟ್ಟದ್ದೇ. ಬದಲಾಗಿದ್ದದ್ದು ಚೀನಿಕಾಯಿ. ತುರಿಯುವಾಗಲೇ ಕೈಯೆಲ್ಲ ನೀರು ನೀರಾಗಿತ್ತು, ತಿರುಳಿನ ಬಣ್ಣವೂ ಸಪ್ಪೆ. ನಮ್ಮ ಹಿತ್ತಲಿನ ಬಳ್ಳಿಯಲ್ಲೇ ಬೆಳೆದ ಕಾಯಿ ಹೀಗೇಕಾಯಿತು ಎಂದು ಅಂದು ಊಟಕ್ಕೆ ಕೂತವರೆಲ್ಲ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಸಿದ್ದಾಪುರದ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತೇವೆ. ಹೆಸರು ಚೀನಾದ್ದಾದರೂ ಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರು ಸಮುದ್ರ ದಾಟಿ ಬಂದ ಮೇಲೆ ನಮ್ಮ ನಾಡಿಗೆ ಬಂದ ಬೆಳೆ ಇದು. ಬೂದುಗುಂಬಳದ ಕುಲವೇ ಬೇರೆ, ಅದು ಏಷ್ಯಾದ್ದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆಯೂ ಬೂದುಗುಂಬಳದ್ದೇ ಇರಬೇಕು, ಹೆಗಲಿಗೆ ಬೂದಿ ಅಂಟಿಸುವ ಕಾಯಿ ಅದೊಂದೇ. ನಮ್ಮ ಮನೆಯ ಚೀನಿಕಾಯಿ ಚಪ್ಪಟೆ, ಮೈಮೇಲೆ ಆಳವಾದ ಗೀರುಗಳು, ಬಲಿತಾಗ ಮಣ್ಣಿನ ಬಣ್ಣ, 5ರಿಂದ 6 ಕಿಲೋ ತೂಕ. ಒಡೆದರೆ ಒಳಗೆ ಕಡು ಕೇಸರಿ. ಅಜ್ಜಿಯ ಕಾಲದಿಂದ ಅದನ್ನು ಚಟ್ಟೆ ಎಂದೇ ಕರೆಯುತ್ತ ಬಂದಿದ್ದೇವೆ.

ಕಾರಣ ತಿಳಿಯಲು ಒಂದು ವರ್ಷ ಹಿಡಿಯಿತು. ಹಿಂದಿನ ಮಳೆಗಾಲದಲ್ಲಿ ಪೇಟೆಯಿಂದ ತಂದ ಪ್ಯಾಕೆಟ್ ಬೀಜವೊಂದನ್ನು ಬಾವಿಕಟ್ಟೆಯ ಬಳಿ ಹಾಕಿದ್ದೆ. ಎರಡೂ ಬಳ್ಳಿಗಳು ಒಂದೇ ಸಮಯಕ್ಕೆ ಹೂ ಬಿಟ್ಟವು. ತುಡುವೆ ಜೇನಿಗೆ ಯಾವುದು ಅಜ್ಜಿಯ ಬಳ್ಳಿ, ಯಾವುದು ಪೇಟೆಯ ಬಳ್ಳಿ ಎಂಬ ಭೇದವಿಲ್ಲ. ಆ ವರ್ಷದ ಕಾಯಲ್ಲಿ ಏನೂ ಗೊತ್ತಾಗಲಿಲ್ಲ, ಏಕೆಂದರೆ ಕಾಯಿಯ ತಿರುಳು ತಾಯಿಬಳ್ಳಿಯದ್ದು. ಬೆರಕೆ ಆಗುವುದು ಬೀಜದೊಳಗೆ. ಅದೇ ಬೀಜವನ್ನು ಮರುವರ್ಷ ಬಿತ್ತಿದಾಗ ಆ ನೀರುಕಾಯಿ ಬಂತು. ನಾನು ಮಾತ್ರ ಎಂದಿನಂತೆ ಹಳೆಯ ಬೀಜವನ್ನೆಲ್ಲ ಮುಗಿಸಿ, ಹೊಸದನ್ನಷ್ಟೇ ಡಬ್ಬಿಯಲ್ಲಿ ತುಂಬಿಟ್ಟಿದ್ದೆ.

ಎಲ್ಲ ಕುಂಬಳವೂ ಎಲ್ಲದರ ಜೊತೆ ಕೂಡುವುದಿಲ್ಲ. ನಮ್ಮದು ಮಾಸ್ಕೇಟಾ ಜಾತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಕೂಡ ಅದೇ ಜಾತಿಯದ್ದು, ಹತ್ತಿರ ಹಾಕಿದರೆ ಬೆರೆಯುತ್ತದೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾ ಜಾತಿ, ಸುಲಭಕ್ಕೆ ಬೆರೆಯುವುದಿಲ್ಲ. ಸೋರೆ, ಸೌತೆ, ಬೂದುಗುಂಬಳದ ಭಯವಂತೂ ಬೇಡವೇ ಬೇಡ. ಜಾತಿ ಗುರುತಿಸಲು ನಾನು ತೊಟ್ಟು ನೋಡುತ್ತೇನೆ. ಗಟ್ಟಿಯಾಗಿ, ಐದು ಏಣುಗಳಿದ್ದು, ಕಾಯಿಗೆ ಸೇರುವಲ್ಲಿ ಮರದ ಬುಡದಂತೆ ಅಗಲವಾಗಿದ್ದರೆ ಮಾಸ್ಕೇಟಾ. ದುಂಡಗೆ, ಬೆಂಡಿನಂತೆ ಮೆತ್ತಗಿದ್ದರೆ ಮ್ಯಾಕ್ಸಿಮಾ.

ಬೀಜ ಮತ್ತೆ ಸಿಕ್ಕಿದ್ದು ದೊಡ್ಡಮ್ಮನ ಮನೆಯಲ್ಲಿ. ಎಷ್ಟೋ ವರ್ಷದ ಹಿಂದೆ ಅಜ್ಜಿಯೇ ಕೊಟ್ಟಿದ್ದಂತೆ. ಆಚೀಚೆ ಮನೆಗಳೇ ಇಲ್ಲದ ಒಂಟಿ ಮನೆಯಾದ್ದರಿಂದ ಬೆರಕೆಯಾಗದೆ ಉಳಿದಿತ್ತು. ಬೂದಿ ತುಂಬಿದ ಬಾಟಲಿಯ ತಳದಲ್ಲಿ 7 ಬೀಜಗಳಿದ್ದವು, 7ನ್ನೂ ನನ್ನ ಕೈಗೆ ಹಾಕಿದರು. ಬಸ್ಸಿನಲ್ಲಿ ಬರುವಾಗ ಮತ್ತೆ ಮತ್ತೆ ಕರವಸ್ತ್ರದ ಗಂಟು ಮುಟ್ಟಿ ನೋಡಿಕೊಂಡಿದ್ದೆ.

ಬಿತ್ತುವುದು ರೋಹಿಣಿ ಮಳೆಗೆ, ಮೇ ಕೊನೆಯ ವಾರದಲ್ಲಿ. ನೇರ ನೆಲಕ್ಕೆ ಹಾಕಿದರೆ ಮೊದಲೆರಡು ಎಲೆ ಬಿಡುತ್ತಿದ್ದಂತೆ ಕೆಂಪು ದುಂಬಿ ಬಂದು ಜರಡಿ ಮಾಡಿಬಿಡುತ್ತದೆ. ಬೂದಿ ಎರಚಿದರೆ ತಡೆಯುತ್ತದೆ ನಿಜ, ಆದರೆ ನಮ್ಮ ಮಳೆಗೆ ಬೂದಿ ಒಂದು ತಾಸೂ ನಿಲ್ಲದು. ಅದಕ್ಕೇ ಬಾಳೆಎಲೆ ಕೊಟ್ಟೆಯಲ್ಲಿ ಮಣ್ಣು, ಹಳೆಯ ಗೊಬ್ಬರ ತುಂಬಿ, ಜಗುಲಿಯ ಮಾಡಿನಡಿ 15 ದಿನ ಸಾಕಿ, ಆಮೇಲೆ ಕೊಟ್ಟೆ ಸಮೇತ ನೆಡುತ್ತೇನೆ. ಕುಂಬಳದ ಬೇರಿಗೆ ಅಲುಗಾಟ ಆಗಬಾರದು. 7ರಲ್ಲಿ 5 ಮೊಳೆತವು. ಗೊಬ್ಬರಗುಂಡಿಯ ಅಂಚಿನಲ್ಲಿ ಮಣ್ಣು ಏರಿಸಿ ದಿಬ್ಬ ಮಾಡಿ ನೆಟ್ಟು, ಬಳ್ಳಿಯನ್ನು ಕೊಟ್ಟಿಗೆಯ ಮಾಡಿಗೆ ಹತ್ತಿಸಿದೆ. ಬುಡದಲ್ಲಿ ನೀರು ನಿಂತರೆ ಎರಡೇ ದಿನಕ್ಕೆ ಕೊಳೆಯುತ್ತದೆ, ದಿಬ್ಬ ಅದಕ್ಕಾಗಿ. ನೆಲದಲ್ಲಿ ಹರಿದ ಗೆಣ್ಣಿನ ಮೇಲೆ ಒಂದು ಬೊಗಸೆ ಮಣ್ಣು ಹಾಕಿದರೆ ಅಲ್ಲೂ ಬೇರಿಳಿಯುತ್ತದೆ.

ಇನ್ನು ಬೀಜ ಬೆರಕೆಯಾಗದಂತೆ ಹೂ ಕಟ್ಟುವ ಕೆಲಸ. ಬಿತ್ತಿ ಒಂದೂವರೆ ತಿಂಗಳಿಗೆ ಗಂಡುಹೂ ಶುರು, ವಾರ ಹತ್ತು ದಿನ ಬಿಟ್ಟು ಹೆಣ್ಣು. ಹೆಣ್ಣುಹೂವಿನ ಕೆಳಗೆ ಅಡಿಕೆ ಗಾತ್ರದ ಮಿಡಿ ಇರುತ್ತದೆ, ಚಟ್ಟೆಯಲ್ಲಿ ಆ ಮಿಡಿಯೂ ಚಪ್ಪಟೆಯೇ. ಸಂಜೆ ಐದರ ಹೊತ್ತಿಗೆ ಬಳ್ಳಿಯ ಬಳಿ ಹೋಗಿ, ನಾಳೆ ಅರಳುವ ಮೊಗ್ಗು ಯಾವುದೆಂದು ಹುಡುಕುತ್ತೇನೆ. ಹಸಿರಾಗಿದ್ದರೆ ಇನ್ನೂ ದಿನವಿದೆ. ತುದಿ ಹಳದಿ ತಿರುಗಿ ಹೊಟ್ಟೆ ಉಬ್ಬಿದ್ದರೆ ಅದು ನಾಳೆಯದು. ಅಂಥ ಒಂದು ಹೆಣ್ಣುಮೊಗ್ಗು, ಬೇರೊಂದು ಬಳ್ಳಿಯ ಎರಡು ಮೂರು ಗಂಡುಮೊಗ್ಗು, ಎಲ್ಲದರ ತುದಿಗೂ ದಾರ ಸುತ್ತಿ ಬಿಗಿಯುತ್ತೇನೆ. ಹೀಗೆ ಮಾಡಿದರೆ ಬೆಳಗಿನ ಜೇನು ನನಗಿಂತ ಮೊದಲು ಒಳಗೆ ಹೋಗಲಾರದು.

ಬೆಳಿಗ್ಗೆ ಆರೂವರೆಗೆ ಗಂಡುಹೂ ಕಿತ್ತು, ಎಸಳು ಸುಲಿದು, ನಡುವಿನ ಹಳದಿ ದಿಂಡೊಂದನ್ನೇ ಉಳಿಸಿಕೊಳ್ಳಬೇಕು. ಹೆಣ್ಣುಹೂವಿನ ದಾರ ಬಿಚ್ಚಿದ ಕೂಡಲೇ ಎಸಳು ಪಟ್ಟನೆ ಬಿಡಿಸಿಕೊಳ್ಳುತ್ತದೆ, ಅದು ಹದಕ್ಕೆ ಬಂದ ಗುರುತು. ಒಳಗೆ ಮೂರಾಗಿ ಸೀಳಿದ ಅಂಟುಮೊಗದ ಮೇಲೆ ದಿಂಡನ್ನು ಮೆಲ್ಲಗೆ ಒರೆಸಿದರೆ ಹಳದಿ ಹುಡಿ ಹಿಡಿದುಕೊಳ್ಳುತ್ತದೆ. ಮೂರೂ ಭಾಗಕ್ಕೆ ತಾಗಬೇಕು, ಇಲ್ಲವಾದರೆ ಕಾಯಿ ಸೊಟ್ಟ ಬೆಳೆದೀತು. ಮತ್ತೆ ಹೂವಿನ ಬಾಯಿ ಕಟ್ಟಿ, ತೊಟ್ಟಿಗೆ ಕೆಂಪು ದಾರದ ಸಡಿಲ ಗಂಟು. ಒಂಬತ್ತು ಗಂಟೆ ದಾಟಿದರೆ ಹೂ ಬಾಡಲು ತೊಡಗುತ್ತದೆ, ಆಮೇಲೆ ಮಾಡಿ ಪ್ರಯೋಜನವಿಲ್ಲ.

ಪುನರ್ವಸು, ಪುಷ್ಯ ಮಳೆಯಲ್ಲಿ ಇದು ನನಗೆ ಒಲಿಯಲೇ ಇಲ್ಲ. ಹುಡಿಗೆ ನೀರು ತಾಗಿದರೆ ಅದು ಸತ್ತಂತೆಯೇ. ಕಟ್ಟಿದ 11 ಹೂಗಳಲ್ಲಿ 9 ಹಳದಿಯಾಗಿ ಉದುರಿದವು. ಆಮೇಲೆ ಅಡಿಕೆ ಹಾಳೆಯ ತುಂಡನ್ನು ಕೊಡೆಯಂತೆ ಬಾಗಿಸಿ ಹೂವಿನ ಮೇಲೆ ಸಿಕ್ಕಿಸಿದೆ. ಆಶ್ಲೇಷಾದ ಹೊಳವಿನಲ್ಲಿ, ಮಘೆಯಲ್ಲಿ ಕಟ್ಟಿದವು ಚೆನ್ನಾಗಿ ನಿಂತವು. ಈಗಲೂ ಬೀಜದ ಕಾಯಿಗೆ ನಾನು ಮಘೆಯ ಹೂವನ್ನೇ ನೆಚ್ಚುತ್ತೇನೆ.

ಹೂ ಬಾಡುತ್ತಿದ್ದಂತೆ ಹಣ್ಣುನೊಣ ಎಳೆಮಿಡಿಗೆ ಮೊಟ್ಟೆ ಚುಚ್ಚುತ್ತದೆ. ಹಳೆಯ ಪಂಚೆ ಹರಿದು ಚೀಲ ಹೊಲಿದು, ತೊಗಟೆ ಗಟ್ಟಿಯಾಗುವವರೆಗೆ ಮಿಡಿಗೆ ತೊಡಿಸುತ್ತೇನೆ. ಹುಳ ಬಿದ್ದ ಮಿಡಿಯನ್ನು ಅಲ್ಲೇ ಬಿಸಾಡದೆ ಆಳವಾಗಿ ಹೂಳಬೇಕು. ಮಂಗನ ಕಾಟಕ್ಕೆ ಮಾತ್ರ ನಾಯಿಯ ಹೊರತು ನನ್ನಲ್ಲಿ ಉಪಾಯವಿಲ್ಲ.

ತೊಟ್ಟು ಒಣಗಿ, ಉಗುರು ಚುಚ್ಚಿದರೆ ಇಳಿಯದಷ್ಟು ತೊಗಟೆ ಬಲಿತಾಗ, ಎರಡು ಇಂಚು ತೊಟ್ಟು ಉಳಿಸಿ ಕೊಯ್ಯುತ್ತೇನೆ. ತೊಟ್ಟು ಮುರಿದ ಕಾಯಿ ಮೊದಲು ಕೊಳೆಯುತ್ತದೆ, ಅದನ್ನು ಮೊದಲೇ ಅಡುಗೆಗೆ ಬಳಸಿ. ಉಳಿದವನ್ನು ವಾರ ಹತ್ತು ದಿನ ಅಂಗಳದ ಬಿಸಿಲಿಗಿಟ್ಟು, ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ತೊಲೆಗೆ ತೂಗುಹಾಕಿದರೆ ನಾಲ್ಕೈದು ತಿಂಗಳು ಕೆಡುವುದಿಲ್ಲ. ತೂಗಿಟ್ಟ ಕಾಯಿಯ ಸಿಹಿಯೂ ಹೆಚ್ಚುತ್ತದೆ. ಕೊಯ್ದ ದಿನವೇ ಚೀನಿಕಾಯಿ ಒಡೆಯುವುದು ನನಗೆ ಇಷ್ಟವಿಲ್ಲ.

ಕೆಂಪು ದಾರದ ಕಾಯನ್ನು ಕನಿಷ್ಠ ಒಂದು ತಿಂಗಳು ಹಾಗೇ ಇಟ್ಟು ಒಡೆಯುತ್ತೇನೆ, ಒಳಗೇ ಬೀಜ ಇನ್ನಷ್ಟು ತುಂಬಿಕೊಳ್ಳುತ್ತದೆ. ಒಡೆದ ಕೂಡಲೇ ಒಂದು ಹೋಳು ಬೇಯಿಸಿ ತಿಂದು ನೋಡುತ್ತೇನೆ. ರುಚಿ ಹಿಡಿಸದಿದ್ದರೆ ಆ ಕಾಯಿಯ ಬೀಜ ಇಡುವುದಿಲ್ಲ. ಹಿಡಿಸಿದರೆ ಬೀಜ ತೊಳೆದು, ತೆಳ್ಳಗಿನದನ್ನು ಆರಿಸಿ ತೆಗೆದು, ನೆರಳಲ್ಲಿ ಒಣಗಿಸಿ, ಬಗ್ಗಿಸಿದರೆ ಪಟ್ಟನೆ ಮುರಿಯುವ ಹದಕ್ಕೆ ಬಂದಾಗ ಬೂದಿಯಲ್ಲಿ ಬೆರೆಸಿ ಬಾಟಲಿಗೆ ತುಂಬುತ್ತೇನೆ. ಅಜ್ಜಿ ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟುತ್ತಿದ್ದರು. ಒಣಗಿದ ಬೀಜ ನಾಲ್ಕು ವರ್ಷ ಮೊಳೆಯುತ್ತದೆ. ಹಾಗಾಗಿ ಈಗ ಪ್ರತಿ ವರ್ಷದ್ದನ್ನೂ ಬೇರೆ ಬೇರೆ ಬಾಟಲಿಯಲ್ಲಿಡುತ್ತೇನೆ, ಹಳೆಯದನ್ನು ಪೂರ್ತಿ ಮುಗಿಸುವುದಿಲ್ಲ.

ಬಳ್ಳಿಯಲ್ಲಿ ಬಿಸಾಡುವಂಥದ್ದು ಕಡಿಮೆ. ಚಿವುಟಿದ ಕುಡಿ ಪಲ್ಯಕ್ಕೆ, ಹೆಚ್ಚಾದ ಗಂಡುಹೂ ಬಜ್ಜಿಗೆ. ಬೀಜದ ಸುತ್ತಲಿನ ನಾರನ್ನು ತುಪ್ಪದಲ್ಲಿ ಬಾಡಿಸಿ, ಒಣಮೆಣಸು, ಕಾಯಿತುರಿ, ಹುಣಸೆಯ ಜೊತೆ ಬೀಸಿದರೆ ಚಟ್ನಿ. ಎಳೆಕಾಯಿಯ ಸಾಸಿವೆ, ಬಲಿತದ್ದರ ಹುಳಿ. ಉತ್ತರ ಕರ್ನಾಟಕದ ಗಾರಿಗೆ ಮಾಡುವವರೂ ಈ ಕಾಯಿಯನ್ನು ಮೆಚ್ಚಿದ್ದಾರೆ.

ಕಡುಬಿಗೆ ನನ್ನ ಅಳತೆ ಇದು: ತುರಿದ ಚೀನಿಕಾಯಿ 3 ಲೋಟ, ಅಕ್ಕಿತರಿ 2 ಲೋಟ, ಪುಡಿ ಬೆಲ್ಲ 1 ಲೋಟ, ಒಂದು ಹಿಡಿ ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ನೀರು ಒಂದು ಹನಿಯೂ ಬೇಡ, ಬೆಲ್ಲ ಕರಗಿ ಕಾಯಿ ಬಿಟ್ಟ ನೀರಿನಲ್ಲೇ ತರಿ ಅರ್ಧ ತಾಸು ನೆನೆಯಬೇಕು. ಬಾಡಿಸಿದ ಬಾಳೆಎಲೆಯಲ್ಲಿ ಮಡಚಿ 40 ನಿಮಿಷ ಹಬೆಯಲ್ಲಿ ಬೇಯಿಸಬೇಕು. ದೊಡ್ಡಮ್ಮನ ಬೀಜದ ಮೊದಲ ಕಾಯಿಂದ ಮಾಡಿದ ಕಡುಬು ಎಲೆ ಬಿಚ್ಚಿದಾಗ ಅಂಚು ಮುರಿಯದೆ ನಿಂತಿತ್ತು, ಎಲೆಯ ಗೆರೆಗಳೆಲ್ಲ ಅದರ ಮೇಲೆ ಅಚ್ಚಾಗಿದ್ದವು. ಎಲ್ಲರಿಗಿಂತ ಮೊದಲು ಅಮ್ಮನ ಮುಂದೆ ಇಟ್ಟೆ. ಅವರು ಮಾತಾಡಲಿಲ್ಲ, ಇನ್ನೊಂದು ಹಾಕು ಎಂಬಂತೆ ತಟ್ಟೆ ಮುಂದೆ ಸರಿಸಿದರು.

ಬೀಜ ಬೇಕೆನ್ನುವವರು ಶಿರಸಿಯ ವನಸ್ತ್ರೀ ಬಳಗ ನಡೆಸುವ ಮಲೆನಾಡು ಮೇಳಕ್ಕೆ ಹೋಗಿ, ಹೆಣ್ಣುಮಕ್ಕಳು ತಮ್ಮ ತಮ್ಮ ಹಿತ್ತಲಿನ ಬೀಜ ತಂದಿರುತ್ತಾರೆ. ಯಾರಿಂದ ತೆಗೆದುಕೊಂಡರೂ ಅವರ ಮನೆಯ ಸುತ್ತ ಬೇರೆ ಯಾವ ಚೀನಿಕಾಯಿ ಇತ್ತು ಎಂದು ಕೇಳಿಕೊಳ್ಳಿ. ನನ್ನಲ್ಲಿಗೆ ಬಂದವರಿಗೆ ಹತ್ತು ಬೀಜದ ಜೊತೆ ಒಂದು ಗೇಣು ಕೆಂಪು ದಾರವನ್ನೂ ಸುತ್ತಿ ಕೊಡುತ್ತೇನೆ.