ಒಂದೇ ಸೂಲಿನ ಎರಡು ನಾಯಿಮರಿಗಳನ್ನು ಒಟ್ಟಿಗೆ ಸಾಕುವುದು ಹೇಗೆ?

ಬೀದಿಯ ಹೆಣ್ಣುನಾಯಿ ಯಾವುದೋ ಶೆಡ್ಡಿನ ಹಿಂದೆ ಐದಾರು ಮರಿ ಹಾಕಿರುತ್ತದೆ. ಒಂದನ್ನು ತರಲು ಹೋದವರು ‘ಪಾಪ, ಒಂಟಿಯಾಗುತ್ತದೆ’ ಎಂದು ಎರಡನ್ನು ಎತ್ತಿಕೊಂಡು ಬರುತ್ತಾರೆ. ಮೊದಲ ತಿಂಗಳು ಬಲು ಸುಖ. ರಾತ್ರಿ ಅಳು ಇಲ್ಲ, ತಮ್ಮತಮ್ಮಲ್ಲೇ ಆಡಿ ಸುಸ್ತಾಗಿ ಮಲಗುತ್ತವೆ. ತೊಂದರೆಯ ಬೇರು ಇರುವುದೂ ಅಲ್ಲೇ. ಆಟಕ್ಕೂ ಧೈರ್ಯಕ್ಕೂ ನಿದ್ದೆಗೂ ಒಂದಕ್ಕೊಂದು ಸಾಕಾಗಿಬಿಟ್ಟರೆ ಮನೆಯವರ ಮಾತಿಗೆ ಕಿವಿಗೊಡುವ ಅಗತ್ಯ ಅವಕ್ಕೆ ಬೀಳುವುದಿಲ್ಲ. ಐದು ತಿಂಗಳಾದರೂ ಹೆಸರು ಕರೆದರೆ ತಿರುಗುವುದಿಲ್ಲ. ಒಂದನ್ನು ಆಸ್ಪತ್ರೆಗೆ ಒಯ್ದರೆ ಇನ್ನೊಂದು ಊಟ ಬಿಟ್ಟು ಬಾಗಿಲು ಪರಚುತ್ತದೆ. ಇದು ರೋಗವಲ್ಲ, ಎಲ್ಲ ಜೋಡಿಗಳಲ್ಲಿ ಕಾಣುವುದೂ ಇಲ್ಲ. ಬಹುಪಾಲು ಸಾಕುವ ರೀತಿಯಿಂದ ಬರುವಂಥದ್ದು.

ಇನ್ನೂ ತಂದಿಲ್ಲವಾದರೆ ನಮ್ಮ ಸಲಹೆ ಇಷ್ಟೇ: ಈಗ ಒಂದನ್ನು ತನ್ನಿ, ಅದಕ್ಕೆ ಒಂದೂವರೆ ವರ್ಷವಾಗಿ ಮಾತು ಕೇಳುವಂತಾದ ಮೇಲೆ ಇನ್ನೊಂದು. ಎರಡನ್ನೂ ತರಲೇಬೇಕಾದರೆ ಒಂದು ಗಂಡು, ಒಂದು ಹೆಣ್ಣು ಆರಿಸಿ. ದೊಡ್ಡವಾದ ಮೇಲೆ ಎರಡು ಹೆಣ್ಣುಗಳ ನಡುವಿನ ಜಗಳ ಬಿಡಿಸುವುದು ಕಷ್ಟ. (ಹಾಗೆಂದು ಹೆಣ್ಣುಮರಿಯನ್ನು ಬೀದಿಗೇ ಬಿಟ್ಟು ಬರುವ ರೂಢಿ ಸರಿಯಲ್ಲ; ಆಪರೇಷನ್ ಮಾಡಿಸಿದರೆ ಆಯಿತು.) ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟುಗಳ ಜೊತೆ.

ಮೊದಲ ವಾರದಿಂದಲೇ ಎಲ್ಲವೂ ಎರಡೆರಡು

ಎರಡು ತಟ್ಟೆ, ಎರಡು ಹಾಸಿಗೆ, ಎರಡು ಕೇಜ್, ಎರಡು ಬೆಲ್ಟ್. ನೀರಿನ ಬೋಗುಣಿ ಮಾತ್ರ ಒಂದಿದ್ದರೂ ನಡೆಯುತ್ತದೆ. ಹೆಸರುಗಳೂ ಕಿವಿಗೆ ಬೇರೆಯಾಗಿ ಕೇಳಬೇಕು. ರಾಮು–ಸೋಮು ಎಂದಿಟ್ಟರೆ ಯಾವುದನ್ನು ಕರೆದಿರಿ ಎಂದು ಅವಕ್ಕೆ ತಿಳಿಯುವುದಿಲ್ಲ. ಕರಿಯ, ಬೆಳ್ಳಿ ಎಂದಿಡಿ.

ರಾತ್ರಿ ಕೇಜ್‌ಗಳನ್ನು ಮೊದಲು ಅಕ್ಕಪಕ್ಕ ಇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಅಡಿ ದೂರ ಸರಿಸುತ್ತಾ ಕೊನೆಗೆ ಬೇರೆ ಕೋಣೆಗೆ ಒಯ್ಯಿರಿ. ಒಂದೇ ದಿನ ಬೇರೆ ಮಾಡಿದರೆ ರಾತ್ರಿಯೆಲ್ಲ ಊಳಿಡುತ್ತವೆ, ನೆರೆಯವರ ಕಾಟಕ್ಕೆ ನೀವೇ ಮತ್ತೆ ಒಟ್ಟಿಗೆ ಮಲಗಿಸುತ್ತೀರಿ, ‘ಊಳಿಟ್ಟರೆ ಕೆಲಸವಾಗುತ್ತದೆ’ ಎಂಬ ಪಾಠ ಗಟ್ಟಿಯಾಗುತ್ತದೆ. ಹಗಲಿನ ಅಗಲಿಕೆಯೂ ಹೀಗೆಯೇ. ಒಂದನ್ನು ಐದು ನಿಮಿಷ ಅಂಗಳಕ್ಕೆ ಒಯ್ದು, ಒಳಗಿರುವುದಕ್ಕೆ ಮೊಸರನ್ನ ತುರುಕಿದ ರಬ್ಬರ್ ಆಟಿಕೆ ಕೊಡಿ. ಅದು ಬಾಗಿಲನ್ನು ಮರೆತು ನೆಕ್ಕುತ್ತಾ ಕುಳಿತರೆ ಮರುದಿನ ಎಂಟು ನಿಮಿಷ; ತಿನ್ನದೆ ಕುಂಯ್‌ಗುಟ್ಟಿದರೆ ಮೂರಕ್ಕೆ ಇಳಿಸಿ. ನಾಲ್ಕು ತಿಂಗಳಾಗುವ ಹೊತ್ತಿಗೆ ಎರಡೂ ಒಂದೊಂದು ತಾಸು ನೆಮ್ಮದಿಯಾಗಿ ಒಂಟಿಯಾಗಿರಬೇಕು.

ವಾಕಿಂಗ್ ಬೇರೆಬೇರೆ, ಕಲಿಸುವುದೂ ಬೇರೆಬೇರೆ. ದಿನಕ್ಕೆ ಮೂರು ಸಲ, ತಲಾ ಐದು ನಿಮಿಷ ಸಾಕು: ಹೆಸರಿಗೆ ತಿರುಗುವುದು, ಕೂರುವುದು, ಕರೆದರೆ ಬರುವುದು. ಎರಡೂ ಕಲಿತ ಮೇಲಷ್ಟೇ ಒಟ್ಟಿಗೆ ನಿಲ್ಲಿಸಿ ಹೇಳಿ. ಹೊಸ ಜನ, ಮಕ್ಕಳು, ಆಟೋ ಸದ್ದು, ಮಿಕ್ಸಿ ಸದ್ದು ಎಲ್ಲವನ್ನೂ ಮರಿಗೆ 14 ವಾರ ತುಂಬುವುದರೊಳಗೆ ಪರಿಚಯಿಸಬೇಕು, ಅದೂ ಒಂದೊಂದು ಮರಿಯನ್ನೇ ಒಯ್ದು. ಜೋಡಿಯಾಗಿ ಒಯ್ದರೆ ಪುಕ್ಕಲು ಮರಿ ಧೈರ್ಯದ ಮರಿಯ ಬೆನ್ನ ಹಿಂದೆ ಅಡಗಿಕೊಂಡೇ ದೊಡ್ಡದಾಗುತ್ತದೆ. ಲಸಿಕೆ ಮುಗಿಯುವ ತನಕ ಬೀದಿಯಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗಿ. ಇಷ್ಟಕ್ಕೆಲ್ಲ ಒಂದು ಮರಿಗೆ ಬೇಕಾದ ಸಮಯದ ಎರಡರಷ್ಟು ಬೇಕು. ಮನೆಯಲ್ಲಿ ಇಬ್ಬರಾದರೂ ಕೈಜೋಡಿಸದೆ ಇದು ಸಾಗದು. ಆ ಇಬ್ಬರೂ ಮರಿಗಳನ್ನು ‘ನಿನ್ನದು, ನನ್ನದು’ ಎಂದು ಹಂಚಿಕೊಳ್ಳದೆ ದಿನ ಬಿಟ್ಟು ದಿನ ಅದಲುಬದಲು ಮಾಡಬೇಕು.

ಊಟ, ಉಚ್ಚೆ, ಔಷಧಿ

ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಸಲ, ಆರು ತಿಂಗಳ ತನಕ ಮೂರು, ಆಮೇಲೆ ಎರಡು ಸಲ ಊಟ. ತಟ್ಟೆಗಳು ಬೇರೆ ಕೋಣೆಯಲ್ಲಿರಲಿ, ಹದಿನೈದು ನಿಮಿಷದ ನಂತರ ಎತ್ತಿಬಿಡಿ. ಒಂದೇ ತಟ್ಟೆಯಲ್ಲಿ ಹಾಕಿದರೆ ಗಟ್ಟಿಗ ಎರಡರ ಪಾಲು ನುಂಗುತ್ತದೆ. ಇನ್ನೊಂದು ಗಬಗಬ ತಿನ್ನುವುದನ್ನೂ ತಟ್ಟೆಯ ಬಳಿ ಗುರ್ ಎನ್ನುವುದನ್ನೂ ಕಲಿಯುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬೇರೆಬೇರೆ ಬರೆದಿಡಿ. ಒಂದರ ತೂಕ ನಿಂತರೆ ಮೊದಲು ಗೊತ್ತಾಗುವುದು ಅಲ್ಲೇ. ಬರೀ ಹಾಲು–ಅನ್ನದಲ್ಲಿ ಮರಿ ಬೆಳೆಯುವುದಿಲ್ಲ. ಮರಿಗಳಿಗೆಂದೇ ಮಾಡಿದ ಆಹಾರ ಕೊಡಿ. ಮನೆಯೂಟವೇ ಆದರೆ ಮೊಟ್ಟೆ, ಮೂಳೆ ತೆಗೆದ ಕೋಳಿ ಸೇರಿಸಿ, ಕ್ಯಾಲ್ಸಿಯಂ ಎಷ್ಟು ಎಂದು ವೈದ್ಯರನ್ನು ಕೇಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ.

ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಉಳಿದಂತೆ ಎರಡು ತಾಸಿಗೊಮ್ಮೆ ಹೊರಗೆ ಒಯ್ಯಿರಿ, ಒಂದಾದ ಮೇಲೆ ಒಂದು. ಒಟ್ಟಿಗೆ ಬಿಟ್ಟರೆ ಆಟದಲ್ಲಿ ಉಚ್ಚೆ ಮರೆತು ಒಳಬಂದು ಹುಯ್ಯುತ್ತವೆ. ಯಾವುದರ ಕೆಲಸ ಎಂದೂ ತಿಳಿಯುವುದಿಲ್ಲ.

ಜಂತುಹುಳದ ಔಷಧಿ ಮೂರು ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ, ಎರಡಕ್ಕೂ ಒಂದೇ ದಿನ, ಆಯಾ ಮರಿಯ ತೂಕಕ್ಕೆ ತಕ್ಕಷ್ಟು. ಪಾರ್ವೊ (ಮರಿಗಳ ಜೀವ ತೆಗೆಯಬಲ್ಲ ವಾಂತಿ–ಭೇದಿಯ ವೈರಸ್ ರೋಗ) ಒಳಗೊಂಡ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದ ತನಕ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಂದಕ್ಕೆ ವಾಂತಿ, ರಕ್ತಭೇದಿ ಕಂಡರೆ ಇನ್ನೊಂದು ಚೆನ್ನಾಗಿದ್ದರೂ ಬೇರೆ ಮಾಡಿ ಎರಡನ್ನೂ ಅದೇ ದಿನ ವೈದ್ಯರಿಗೆ ತೋರಿಸಿ. ಪಾರ್ವೊ ತಗಲಿದ ಮೇಲೆ ಲಕ್ಷಣ ಕಾಣಲು ಮೂರರಿಂದ ಏಳು ದಿನ ಬೇಕು, ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನೆಚ್ಚಿಕೊಳ್ಳಬೇಡಿ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ನೆಲ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ.

ಬೆದೆ ಮತ್ತು ಜಗಳ

ಅಣ್ಣ–ತಂಗಿ ಎಂಬ ಲೆಕ್ಕ ನಾಯಿಗಳಿಗಿಲ್ಲ. ಹೆಣ್ಣು ಆರು ತಿಂಗಳಿಗೇ ಬೆದೆಗೆ ಬರಬಹುದು; ಗಂಡೂ ಆ ವಯಸ್ಸಿಗೆ ಸಿದ್ಧವಾಗಿರಬಹುದು. ಐದನೇ ತಿಂಗಳಲ್ಲೇ ವೈದ್ಯರ ಬಳಿ ಆಪರೇಷನ್ನಿನ ದಿನ ಗೊತ್ತು ಮಾಡಿ. ಗಂಡಿಗೆ ಬೀಜ ತೆಗೆಸಿದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ. ಅಷ್ಟರಲ್ಲಿ ಹೆಣ್ಣು ಬೆದೆಗೆ ಬಂದರೆ ಮೂರು ವಾರ ಎರಡನ್ನೂ ಬೇರೆಬೇರೆ ಬಾಗಿಲ ಹಿಂದೆ ಇಡಬೇಕು.

ಆಟದಲ್ಲಿ ಮೇಲೆ ಕೆಳಗೆ ಅದಲುಬದಲಾಗುತ್ತಿದ್ದರೆ ಸರಿ. ಯಾವಾಗಲೂ ಒಂದೇ ಕೆಳಗಿದ್ದರೆ ಮೇಲಿನದನ್ನು ಹಿಡಿದುಕೊಂಡು ನೋಡಿ: ಕೆಳಗಿನದು ತಾನಾಗಿ ಮತ್ತೆ ಆಟಕ್ಕೆ ಬಂದರೆ ಬಿಡಿ, ಬಾಲ ಮುದುಡಿ ದೂರ ಹೋದರೆ ಅಂದಿಗೆ ಆಟ ಮುಗಿಸಿ. ನಿಜವಾದ ಜಗಳಗಳು ಹೆಚ್ಚಾಗಿ ಒಂದು ವರ್ಷ ದಾಟಿದ ಮೇಲೆ, ಮೂಳೆ, ಸೋಫಾ, ಬಾಗಿಲ ಕಿರಿದು ಜಾಗದ ಮೇಲೆ ಹುಟ್ಟುತ್ತವೆ. ಕೊರಳಿಗೆ ಕೈ ಹಾಕಬೇಡಿ, ಕಚ್ಚಿಸಿಕೊಳ್ಳುವುದು ಹಾಗೆಯೇ. ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸಿ, ಇಲ್ಲವೇ ದಪ್ಪ ಕಂಬಳಿ ಎಸೆದು ಬೇರೆ ಮಾಡಿ. ಹಲ್ಲು ತಾಗಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ನಾಯಿಗೆ ಲಸಿಕೆಯಾಗಿದ್ದರೂ ಸರಿ.

ಮತ್ತೆ ಮತ್ತೆ ರಕ್ತ ಬರುವಷ್ಟು ಕಾದಾಡಿದರೆ ಒಂದನ್ನು ಬೇರೆ ಮನೆಗೆ ಕೊಡುವುದೇ ಮೇಲು. ಕೊಡುವ ಮುಂಚೆ ಅದು ರಾತ್ರಿ ಒಂಟಿಯಾಗಿ ಮಲಗುವುದನ್ನು ಕಲಿತಿರಲಿ, ಲಸಿಕೆಯ ಚೀಟಿ ಮತ್ತು ಈಗ ತಿನ್ನುತ್ತಿರುವ ಆಹಾರ ಒಂದು ವಾರಕ್ಕಾಗುವಷ್ಟು ಜೊತೆಗೆ ಕೊಡಿ.