ಛತ್ರದಲ್ಲಿ ಉಳಿದ ಅಡುಗೆ ಮತ್ತೊಂದು ಪಂಕ್ತಿಗೆ ತಲುಪಬೇಕಾದರೆ

ಉಳಿದದ್ದನ್ನು ಯಾರಿಗೆ ಕೊಡೋಣ ಎಂಬ ಮಾತು ಕೊನೆಯ ಪಂಕ್ತಿ ಎದ್ದ ಮೇಲೆ ಶುರುವಾದರೆ ತಡವಾಯಿತು. ಮದುವೆಗೆ ಎರಡು ದಿನ ಮುಂಚೆಯೇ ಹತ್ತಿರದ ವೃದ್ಧಾಶ್ರಮವನ್ನೋ ಹಾಸ್ಟೆಲ್ಲನ್ನೋ ಕೇಳಿಟ್ಟುಕೊಳ್ಳಿ: ಎಷ್ಟು ಜನ, ಊಟ ಎಷ್ಟು ಹೊತ್ತಿಗೆ. ಅಲ್ಲಿ ಒಂದು ಗಂಟೆಗೇ ಊಟ ಮುಗಿದಿರುತ್ತದೆ, ನಿಮ್ಮ ಪಾತ್ರೆ ಹೋಗುವುದು ಮೂರೂವರೆಗೆ. ಅದಕ್ಕಿಂತ ಅವರ ಪಾಲನ್ನು ಮೊದಲ ಪಂಕ್ತಿ ಕೂರುವಾಗಲೇ ಬಿಸಿಬಿಸಿ ಕಳಿಸಿಬಿಡುವುದು ಎಷ್ಟೋ ಮೇಲು.

ಹೆಚ್ಚು ಹಾಳಾಗುವುದು ಅನ್ನ. ಮದುವೆ ಊಟಕ್ಕೆ ಒಂದು ಕೆಜಿ ಅಕ್ಕಿ ಸುಮಾರು ಹತ್ತು ಜನಕ್ಕೆ ಆಗುತ್ತದೆ. ಕೊನೆಯ ಎರಡು ಪಂಕ್ತಿಯ ಅಕ್ಕಿಯನ್ನು ತೊಳೆಯದೇ ಇಡಲು ಭಟ್ಟರಿಗೆ ಹೇಳಿ. ಕಾದು ನಿಂತವರನ್ನು ಎಣಿಸಿ ಆಮೇಲೆ ಹಾಕಿಸಿ. ಮಿಕ್ಕಿದ ಅಕ್ಕಿ ಚೀಲದಲ್ಲೇ ಉಳಿಯುತ್ತದೆ, ಅದನ್ನು ಯಾವಾಗ ಬೇಕಾದರೂ ಕೊಡಬಹುದು.

ಬೆಂದ ಅನ್ನದ ವಿಷಯದಲ್ಲಿ ಮೈಮರೆಯಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಆ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುವುದು ಆಗಲೇ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು, ವಾಸನೆಯಲ್ಲೂ ತಿಳಿಯದು. ಹಾಗಾಗಿ 60 ಡಿಗ್ರಿಗಿಂತ ಬಿಸಿಯಾಗಿಯೇ ಕೊಟ್ಟು ಕೂಡಲೇ ಬಡಿಸಲು ಹೇಳಿ. ಫ್ರಿಜ್ ಇರುವ ಕಡೆಯಾದರೆ ಅಗಲವಾದ ತಟ್ಟೆಗಳಲ್ಲಿ ಎರಡು ಇಂಚಿಗಿಂತ ತೆಳ್ಳಗೆ ಹರಡಿ, ಬೇಗ ಆರಿಸಿ ಒಳಗಿಡಲಿ.

ಹುಳಿ, ಸಾರು ಮತ್ತೊಮ್ಮೆ ಮಳ್ಳಿಸಿ, ಕುದಿನೀರಲ್ಲಿ ತೊಳೆದ ಕ್ಯಾನಿಗೆ ತುಂಬಿಸಿ. ಕೋಸಂಬರಿ, ಮೊಸರುಬಜ್ಜಿ, ಕಾಯಿಚಟ್ನಿ ಕೊಡಲೇಬೇಡಿ. ಹೋಳಿಗೆ ಅವತ್ತೇ ಖಾಲಿಯಾಗಬೇಕು. ಲಾಡು, ಮೈಸೂರುಪಾಕಿಗೆ ಅವಸರವಿಲ್ಲ.

ಬಡಿಸುವ ಬಕೆಟ್ಟಿನಲ್ಲಿ ಪಂಕ್ತಿಗೆ ಹೋಗಿ ಬಂದದ್ದನ್ನು ಒಲೆಯ ಬಳಿಯ ಪಾತ್ರೆಗೆ ಸುರಿಯಲು ಬಿಡಬೇಡಿ. ಅವಸರದಲ್ಲಿ ಎಲ್ಲ ಛತ್ರದಲ್ಲೂ ಆಗುವ ತಪ್ಪು ಇದು, ಒಂದು ಸೌಟಿನಿಂದ ಇಡೀ ಪಾತ್ರೆ ಕೆಡುತ್ತದೆ. ಕೊಡುವ ಪ್ರತಿ ಪಾತ್ರೆಗೂ ಚೀಟಿ ಅಂಟಿಸಿ: ಅಡುಗೆಯ ಹೆಸರು, ಎಲ್ಲಿಯದು, ಮಾಡಿದ ದಿನ ಮತ್ತು ಹೊತ್ತು, ಸಸ್ಯಾಹಾರವೋ ಮಾಂಸಾಹಾರವೋ. ಮಿಕ್ಕ ಆಹಾರ ಹಂಚುವ ಸಂಸ್ಥೆಗಳಿಗಾಗಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮಗಳನ್ನೇ ಮಾಡಿದೆ.

ಎಲೆಯ ಮೇಲೆ ಉಳಿದದ್ದು ಗೊಬ್ಬರದ ಗುಂಡಿಗೆ. ಹಸುಗಳ ಮುಂದೆ ರಾಶಿ ಸುರಿಯಬೇಡಿ. ಅನ್ನ, ಸಿಹಿ ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಆಮ್ಲವೇರಿ ಹಸು ಸಾಯಲೂಬಹುದು.